ಬಂಡೆಗೊಂದು ಬ್ರಷ್ಷು

ಮೊನ್ನೆ ಶೂಲಗಿರಿಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಸೀಮಂತ. ಆರತಿ ತಟ್ಟೆಗೆ ಹಾಕಲು ನೋಟು ಬೇಕಿತ್ತು. ಕೈಚೀಲದಲ್ಲಿ ಎಷ್ಟು ತಡಕಿದರೂ ಸಿಗಲಿಲ್ಲ, ಬೋರಲು ಹಾಕಿ ಕೊಡವಿದೆ. ನೋಟಿಗಿಂತ ಮೊದಲು ಜಮಖಾನದ ಮೇಲೆ ಬಿದ್ದದ್ದು ಮೂರು ಹಲ್ಲುಜ್ಜುವ ಬ್ರಷ್ಷುಗಳು. ಮೂರರದ್ದೂ ಕೂದಲು ಕೆದರಿತ್ತು, ಬುಡಕ್ಕೆಲ್ಲ ಬಿಳೀ ಪುಡಿ ಮೆತ್ತಿತ್ತು. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟು, “ಅಲ್ಲ ಕಣೇ ಸರಸು, ಬಾಯಲ್ಲಿ ಉಳ್ದಿರೋದೇ ಇಪ್ಪತ್ತೇಳು ಹಲ್ಲು. ಅದಕ್ಕೆ ಮೂರು ಬ್ರಷ್ಷೇನೇ?” ಅಂದರು.

“ಹಲ್ಲಿಗಲ್ಲ ದೊಡ್ಡಮ್ಮ, ಬಂಡೆ ಉಜ್ಜಕ್ಕೆ.”

ನಿಜ ಹೇಳಿದ್ದೇ ತಪ್ಪಾಯಿತು. ಇವಳಿಗೆ ಫ್ಯಾಕ್ಟರಿ ಕೆಲಸ ತಲೆಗೆ ಹತ್ತಿದೆ ಅನ್ನುವ ಹಾಗೆ ಎಲ್ಲರೂ ನೋಡಿದರು. ಊಟಕ್ಕೆ ಕೂತಾಗ ಒಬ್ಬಾಕೆ ಕೇಳದೆಯೇ ನನಗೆ ಇನ್ನೊಂದು ಹೋಳಿಗೆ ಹಾಕಿ, ತಲೆ ಸವರಿ ಹೋದರು. ಹೋಳಿಗೆ ಚೆನ್ನಾಗಿತ್ತು, ಆ ಮಾತು ಬೇರೆ. ಆದರೆ ಇಂಥ ಸಂಶಯ ತಲೆಯ ಮೇಲಿಟ್ಟುಕೊಂಡು ಎಷ್ಟು ದಿನ ಓಡಾಡುವುದು? ನೀವಾದರೂ ಪೂರ್ತಿ ಕೇಳಿಬಿಡಿ.

ನನಗೀಗ ನಲವತ್ತೆಂಟು. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಅದರ ಮೇಲೆ ಗುರುತು ಹಾಕುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿದವಳಿಗೆ ಒಂದು ದಿನ ಡಾಕ್ಟರು, “ನಿಮಗೆ ಸಕ್ಕರೆ ಬಂದಿದೆ, ಮೈ ಬಗ್ಗಿಸಬೇಕು” ಅಂತ ನನ್ನ ಮೇಲೇ ಗುರುತು ಹಾಕಿದರು. ಒಂದು ತಿಂಗಳು ಕಾಲೊನಿಯಲ್ಲಿ ವಾಕಿಂಗ್ ಮಾಡಿದೆ. ಅಲ್ಲಿ ನಡೆಯುವವರಿಗಿಂತ ನಿಂತು ಮಾತಾಡುವವರೇ ಜಾಸ್ತಿ, ನಾನೂ ಅವರಲ್ಲೊಬ್ಬಳಾದೆ. ಆಗ ನಮ್ಮ ಟೂಲ್ ರೂಮಿನ ಮುರುಗೇಶನ್, “ಅಕ್ಕಾ, ಭಾನುವಾರ ಬಂಡೆ ಹತ್ತಕ್ಕೆ ವರ್ರೀಂಗಳಾ?” ಅಂದ. ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಮಾತಾಡುವ ಮನುಷ್ಯ ಅವನು. ಬಂಡೆ ಹತ್ತುವುದೆಂದರೆ ಮೆಟ್ಟಿಲಿರುತ್ತದೆ, ಮೇಲೆ ದೇವಸ್ಥಾನ, ಕೆಳಗೆ ಪ್ರಸಾದ ಅಂದುಕೊಂಡು ಹೂಂ ಅಂದುಬಿಟ್ಟೆ. ಹೋಗಿ ನೋಡಿದರೆ ಮೆಟ್ಟಿಲೂ ಇಲ್ಲ, ದೇವರೂ ಇಲ್ಲ. ಒಂದು ಹಗ್ಗ ಇತ್ತು, ಅದರ ತುದಿಗೆ ನನ್ನನ್ನು ಕಟ್ಟಿದ.

ಹೆದರಿಕೆ ಆಗಲಿಲ್ಲವೇ ಅಂತ ಕೇಳಬೇಡಿ. ಆಯಿತು. ಆದರೆ ಅಂಗೈಗೆ ಬಂಡೆಯ ಬಿಸಿ ತಾಗಿದ್ದೇ ತಡ, ನಮ್ಮೂರು ನೆನಪಾಯಿತು. ನಮ್ಮದು ಬಾಗಲೂರಿನ ಪಕ್ಕದ ಹಳ್ಳಿ. ಊರ ಹಿಂದೆ ಒಂದು ಬೋಳುಬಂಡೆ. ಹುರುಳಿ ಒಕ್ಕುವುದು ಅಲ್ಲೇ, ಹುಣಸೆಹಣ್ಣು ಒಣಗಿಸುವುದು ಅಲ್ಲೇ, ಮಕ್ಕಳು ಜಾರುವುದೂ ಅಲ್ಲೇ. ಹೊಂಗೆಕೊಂಬೆ ಮುರಿದು, ಅದರ ಮೇಲೆ ಕೂತು ಜಾರಿದರೆ ಅರ್ಧ ದಾರಿಗೆ ಕೊಂಬೆ ಒಂದು ಕಡೆ, ನಾವು ಒಂದು ಕಡೆ. ಲಂಗದ ಹಿಂಭಾಗಕ್ಕೆ ಅಮ್ಮ ತೇಪೆ ಹಾಕಿ ಹಾಕಿ, ಕೊನೆಗೆ ತೇಪೆಗೇ ತೇಪೆ ಹಾಕುವ ಕಾಲ ಬಂತು. ಕೆನ್ನೆಗೂ ಸಿಗುತ್ತಿತ್ತು. ಆದರೂ ಮಾರನೇ ದಿನ ನಾವು ಬಂಡೆ ಮೇಲೇ.

ಅದೇ ಬಂಡೆಯ ಮೇಲೆ ನಾನೊಂದು ಘನಕಾರ್ಯವನ್ನೂ ಮಾಡಿದ್ದೇನೆ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿಯಲು ಅಪ್ಪ ಹಸಿರು ಬಣ್ಣದ ಡಬ್ಬಿ ತಂದಿದ್ದರು. ಬಳಿದು ಉಳಿದದ್ದನ್ನು ಕದ್ದೊಯ್ದು ಬಂಡೆಯ ನೆತ್ತಿಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ‘ಸರಸು’ ಅಂತ ಬರೆದೆ. ಆಗ ಐದನೇ ಕ್ಲಾಸು. ಆಮೇಲೆ ಆ ಎತ್ತುಗಳು ಹೋದವು, ಅಪ್ಪನೂ ಹೋದರು. ಹಸಿರು ಸರಸು ಮಾತ್ರ ಇನ್ನೂ ಅಲ್ಲೇ ಇದ್ದಾಳೆ. ಊರಿಗೆ ಹೋದಾಗೆಲ್ಲ ನಾನು ಆ ಕಡೆ ತಿರುಗದೆ ಬರುತ್ತೇನೆ.

ಮುರುಗೇಶನ್‌ಗೆ ಈ ಕತೆ ಹೇಳಬಾರದಿತ್ತು. ಹೇಳಿದೆ. ಅವನು ನನ್ನನ್ನು ಜೇಬುಗಳ್ಳಿಯನ್ನು ನೋಡಿದಂತೆ ನೋಡಿದ. ಏಕೆಂದರೆ ಬಂಡೆ ವಿಷಯದಲ್ಲಿ ಅವನು ಮಹಾ ಮಡಿವಂತ. ಎಲ್ಲರೂ ಒಂದೇ ಕಾಲುದಾರಿಯಲ್ಲಿ ನಡೆಯಬೇಕು, ಪಕ್ಕದ ಹುಲ್ಲು ತುಳಿಯಬಾರದು. ಬಂಡೆಗೆ ಮೊಳೆ ಹೊಡೆಯಬಾರದು. ಹಗ್ಗ ಕಟ್ಟುವ ಮರದ ತೊಗಟೆ ಸವೆಯದಂತೆ ಮೊದಲು ಗೋಣಿಚೀಲ ಸುತ್ತಬೇಕು. ಒಂದು ಸಲ ನಾನು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಪೊದೆಗೆ ಎಸೆದೆ. “ಎನ್ನಕ್ಕಾ ಇದು?” ಅಂದ. “ಸಿಪ್ಪೆ ಕಣಪ್ಪಾ. ಕೊಳೆತು ಗೊಬ್ಬರ ಆಗುತ್ತೆ” ಅಂತ ವಾದಿಸಿದೆ. ಅವನು ಪೊದೆಗೆ ಕೈ ಹಾಕಿ, ಮುಳ್ಳು ಗೀರಿಸಿಕೊಂಡು, ಸಿಪ್ಪೆ ತಂದು ನನ್ನ ಕೈಚೀಲದೊಳಗೇ ಇಟ್ಟ. ಆ ಚೀಲದಲ್ಲಿ ನನ್ನ ಐಡಿ ಕಾರ್ಡೂ ಇತ್ತು. ಸೋಮವಾರ ಗೇಟಿನಲ್ಲಿ ಸೆಕ್ಯುರಿಟಿಯವನು ಅದನ್ನು ಮೂಸಿ ನೋಡಿ ಒಳಗೆ ಬಿಟ್ಟ.

ಬಂಡೆ ಇರುವುದು ಡೆಂಕಣಿಕೋಟೆಯ ಕಡೆ. ಊರ ಹೆಸರು ಬೇಡ. ಹೇಳಿದರೆ ಮುಂದಿನ ಭಾನುವಾರ ನೀವೇ ಸಂಸಾರ ಸಮೇತ ಬುತ್ತಿ ಕಟ್ಟಿಕೊಂಡು ಬಂದುಬಿಡುತ್ತೀರಿ. ಬಂಡೆಯ ಬುಡದಲ್ಲಿ ಮುನಿಯಮ್ಮ ಮತ್ತು ತಿಮ್ಮರಾಯಪ್ಪ ಎಂಬ ಗಂಡಹೆಂಡಿರ ಮನೆ. ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ಒಂದಿಷ್ಟು ರಾಗಿ ಹೊಲ, ಟೊಮೇಟೊ, ಒಂದು ಎಮ್ಮೆ, ಏಳೆಂಟು ಆಡು. ಮನೆಯೆಂದರೆ ತಗಡಿನ ಶೀಟು. ಅದರ ಪಕ್ಕದಲ್ಲಿ ಇಟ್ಟಿಗೆ ಗೋಡೆ ಏಳುತ್ತಿತ್ತು. ನಾವು ಹೋದ ಮೊದಲ ವಾರವೇ ಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟು ವಿಚಾರಣೆ ನಡೆಸಿದ್ದಳು.

“ಮ್ಯಾಲೆ ಹತ್ತಿ ಏನ್ ತರ್ತೀಯಕ್ಕ?”

“ಏನೂ ತರಲ್ಲ. ಹತ್ತೋದು, ಇಳಿಯೋದು.”

“ನಮ್ ಆಡು ಹತ್ತುದ್ರೆ ಸೊಪ್ಪಾದ್ರೂ ಸಿಗ್ತದೆ ಅದ್ಕೆ” ಅಂದಳು. ಆಮೇಲೆ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. ತಿಮ್ಮರಾಯಪ್ಪನ ಹತ್ತಿರ ಸಿಪ್ಪೆ ವಿಷಯ ಎತ್ತಿ ನ್ಯಾಯ ಕೇಳಿದರೆ ಅವನೂ ಮುರುಗೇಶನ್ ಪಕ್ಷವೇ. “ಬಾಳೆಹಣ್ಣಿನ್ ವಾಸ್ನೆಗೆ ಆನೆ ಬತ್ತದೆ ಕಣಕ್ಕ. ನಿಮ್ಗೇನು, ಬಸ್ ಹತ್ತಿ ಹೋಗ್ಬುಡ್ತೀರ. ಅದು ಬಂದ್ರೆ ನಮ್ ರಾಗಿ ತಾನೆ ತಿನ್ನಾದು?” ಅಂದ. ಅಂದಿನಿಂದ ನಾನು ಕಡಲೆಕಾಯಿ ಸಿಪ್ಪೆಯನ್ನೂ ಪೊಟ್ಟಣ ಕಟ್ಟಿ ಮನೆಗೆ ಹೊತ್ತು ತರುತ್ತೇನೆ. ನನ್ನ ಜೊತೆಗಿರುವ ಅಮ್ಮ, “ಬೆಟ್ಟಕ್ಕೋಗಿ ಕಸ ತರೋಳ್ನ ನಿನ್ನೊಬ್ಳನ್ನೇ ನೋಡಿದ್ದು ನಾನು” ಅನ್ನುತ್ತಾರೆ.

ಇಷ್ಟೆಲ್ಲ ಮಡಿಯ ನಡುವೆಯೂ ಮೈಲಿಗೆ ಮಾಡಿದ್ದು ನಾನೇ. ಹೇಗೆಂದರೆ, ಬಂಡೆ ಹತ್ತುವಾಗ ಕೈ ಬೆವರದಿರಲಿ ಅಂತ ಒಂದು ಬಿಳೀ ಪುಡಿ ಸವರಿಕೊಳ್ಳುತ್ತೇವೆ, ಚಾಕ್ ಪುಡಿ ಅನ್ನುತ್ತೇವೆ. ಹಿಡಿದ ಕಡೆಯಲ್ಲೆಲ್ಲ ಅದು ಮೆತ್ತಿಕೊಳ್ಳುತ್ತದೆ. ಇಳಿದ ಮೇಲೆ ಹಳೇ ಹಲ್ಲುಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು ಅನ್ನುವುದು ಮುರುಗೇಶನ್ ಕಟ್ಟಪ್ಪಣೆ. ಆದರೆ ನನಗೆ ಬೇರೊಂದು ತೊಂದರೆ: ಯಾವ ಕಾಲು ಎಲ್ಲಿಡಬೇಕು ಅನ್ನುವುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಎಂಟನೇ ಹೆಜ್ಜೆ ಆದಮೇಲೆ ಪ್ರತಿಸಲ ಮರೆತು ಬೀಳುತ್ತಿದ್ದೆ. ಫ್ಯಾಕ್ಟರಿಯಲ್ಲಿ ಇಂಥದ್ದಕ್ಕೆ ಏನು ಮಾಡುತ್ತೇವೆ? ನಂಬರು ಹಾಕುತ್ತೇವೆ. ಒಂದು ಭಾನುವಾರ ಸೀಮೆಸುಣ್ಣದ ದಪ್ಪ ಕಡ್ಡಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಹಗ್ಗದಲ್ಲಿ ನೇತಾಡುತ್ತಲೇ ಪ್ರತಿ ಹೆಜ್ಜೆಯ ಪಕ್ಕದಲ್ಲಿ ಬರೆದೆ. ಒಂದರಿಂದ ಹದಿನಾಲ್ಕು. ಸುತ್ತ ಒಂದೊಂದು ವೃತ್ತ, ದಿಕ್ಕು ತಪ್ಪದಿರಲಿ ಅಂತ ಬಾಣದ ಗುರುತು ಬೇರೆ. ಅಕ್ಷರ ದುಂಡಗೆ, ಎಲ್ಲಾ ಒಂದೇ ಅಳತೆ. ನೋಡಿ ನನಗೇ ಹೆಮ್ಮೆಯಾಯಿತು.

“ಅಕ್ಕಾ, ಇದನ್ನ ಅಳಿಸಿಬಿಟ್ಟು ಹೋಗೋಣ” ಅಂದ ಮುರುಗೇಶನ್.

“ಮುಂದಿನ ವಾರಕ್ಕೆ ಬೇಕಲ್ಲಪ್ಪ. ಬರೇ ಸೀಮೆಸುಣ್ಣ, ಒಂದು ಮಳೆಗೆ ಹೋಗುತ್ತೆ.”

ಬಸ್ಸಿಗೆ ಹೊತ್ತಾಗಿತ್ತು, ಅವನೂ ಹಗ್ಗ ಸುತ್ತಿಕೊಂಡು ಹೊರಟ. ಮುಂದಿನ ವಾರ ಫ್ಯಾಕ್ಟರಿಯಲ್ಲಿ ಆಡಿಟ್ ಬಂತು. ಅದರ ಮುಂದಿನ ವಾರ ನನ್ನ ಮಂಡಿ ಹಿಡಿದುಕೊಂಡಿತು. ಒಟ್ಟು ನಾಲ್ಕು ಭಾನುವಾರ ಆ ಕಡೆ ತಲೆ ಹಾಕಲಿಲ್ಲ. ಮಳೆಯೂ ತಲೆ ಹಾಕಲಿಲ್ಲ.

ಐದನೇ ಭಾನುವಾರ ಹೋದಾಗ ಮುನಿಯಮ್ಮ ಜಗುಲಿಯ ಮೇಲೆ ಕೂತಿದ್ದಳು. ‘ಬಾ’ ಅನ್ನಲಿಲ್ಲ, ಮಜ್ಜಿಗೆಗೂ ಏಳಲಿಲ್ಲ. ಗೋಡೆ ನಾವು ಹಿಂದಿನ ಸಲ ನೋಡಿದಷ್ಟೇ ಇತ್ತು, ಮೊಳಕಾಲೆತ್ತರ. ಸಿಮೆಂಟ್ ಚೀಲಗಳ ಮೇಲೆ ಟಾರ್ಪಾಲು ಹೊದೆಸಿ ಕಲ್ಲು ಹೇರಿದ್ದರು.

“ಯಾಕೆ ಮುನಿಯಮ್ಮ, ಮೇಸ್ತ್ರಿ ಕೈ ಕೊಟ್ನಾ?” ಅಂದೆ.

“ನಾವೇ ಬ್ಯಾಡ ಅಂತ ಕಳಿಸ್ಬುಟ್ವಿ. ಕಟ್ಟಿ ಯಾರ್ಗೆ? ಕ್ವಾರಿಯೋರು ಬಂಡೆಗೆ ನಂಬರ್ ಹಾಕ್ಬುಟ್ಟೋಗವ್ರೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅಂಗೈ ನೋಡಿಕೊಂಡೆ. ಆದರೂ ಭಂಡ ಧೈರ್ಯದಿಂದ, “ಎಲ್ಲಿ?” ಅಂದೆ.

“ಅಗಾ, ಅಲ್ಲಿ. ಒಂದ್ರಿಂದ ಹದ್ನಾಲ್ಕರ್ಗಂಟ. ಎಲ್ಲಿ ತೂತು ಕೊರೀಬೇಕು ಅಂತ ಗುಂಡುಕೆ ಗೀಚವ್ರೆ, ಬಾಣ ಬ್ಯಾರೆ. ಯಾವಾಗ್ ಬಂದಿದ್ರೋ, ನಾವಿಬ್ರೂ ಹೊಲದಾಗಿದ್ವೇನೋ, ಕಾಣ್ಲಿಲ್ಲ.”

ನಮ್ಮ ಕೃಷ್ಣಗಿರಿ ಸೀಮೆಯಲ್ಲಿ ಬಂಡೆಯ ಮೇಲೆ ಬಿಳೀ ನಂಬರು ಬಿತ್ತೆಂದರೆ ಅರ್ಥ ಒಂದೇ. ಎಷ್ಟು ಗುಡ್ಡಗಳು ಲಾರಿ ಹತ್ತಿ ಹೋಗಿವೆ ಅಂತ ಹೆದ್ದಾರಿಯಲ್ಲಿ ಓಡಾಡುವ ನನಗೆ ಗೊತ್ತಿಲ್ಲವೇ? ಮುನಿಯಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. “ನಾವು ಮೊದ್ಲಿದ್ದ ಊರ್ನಾಗೂ ಇಂಗೇ ಕಣಕ್ಕ. ಮೊದ್ಲು ನಂಬರ್ ಬಂತು, ಆಮ್ಯಾಕೆ ಮದ್ದು. ಮನೆ ಗೋಡೆ ಬಾಯ್ಬುಟ್ಕಂತು. ಉಣ್ಣೋ ಹಿಟ್ನಾಗೆ ಕಲ್ಲಿನ್ ಧೂಳು. ಬುಟ್ಟು ಬಂದು ಇಲ್ಲಿ ಶೀಟಿನ್ ಕೆಳ್ಗೆ ಹನ್ನೊಂದು ವರ್ಸ ಕಳ್ದೆ. ಈಗ ಒಂದು ಗೋಡೆ ಎಬ್ಸಾನ ಅಂದ್ರೆ ಬಂಡೆ ಹಿಂದೇನೇ ಬಂದವ್ರೆ” ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. “ನಾಳಿಕ್ಕೆ ನಮ್ ಯಜಮಾನ್ರು ತಳಿ ಊರ್ಗೆ ಹೋಗಿ ಅಲ್ಲಿರೋ ನಮ್ಮಣ್ಣುಂಗೆ ಮಾತು ಕೊಟ್ ಬತ್ತಾರೆ. ಅಲ್ಲೊಂದು ತುಂಡು ಜಾಗ ಐತೆ. ಇಟ್ಟಿಗೆ, ಆಡು ಎಲ್ಲಾ ಅಲ್ಲಿಗೇ.”

ಈಗ ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಕ್ಷಣದಲ್ಲಿ ನನಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಮಳೆ ಬಂದರೆ ನಂಬರು ಹೋಗುತ್ತದೆ, ಮಾನವೂ ಉಳಿಯುತ್ತದೆ. ಆದರೆ ಮಳೆ ಬರುವ ಹೊತ್ತಿಗೆ ಮುನಿಯಮ್ಮ ತಳಿಯಲ್ಲಿರುತ್ತಾಳೆ. ಮುರುಗೇಶನ್ ನನ್ನನ್ನೇ ನೋಡುತ್ತಿದ್ದ. ಆ ನೋಟವಿದೆಯಲ್ಲ, ಅದು ಬಾಳೆಹಣ್ಣಿನ ಸಿಪ್ಪೆಯನ್ನು ಮತ್ತೆ ಕೈಚೀಲಕ್ಕೆ ಇಟ್ಟ ಹಾಗಿತ್ತು.

“ಮುನಿಯಮ್ಮ, ಅದು ಕ್ವಾರಿಯವರಲ್ಲ. ನಾನು ಬರೆದದ್ದು, ಕಾಲು ಎಲ್ಲಿಡಬೇಕು ಅಂತ ನೆನಪಿಗೆ.”

ಕುಂಟುತ್ತ ಬಂದಿದ್ದ ನನ್ನನ್ನು ಅವಳು ಮೇಲಿಂದ ಕೆಳಗೆ ನೋಡಿದಳು. “ನೀನಾ? ಈ ಮಂಡಿ ಇಟ್ಕಂಡು ಅಲ್ಲಿಗಂಟ ಹತ್ತಿ ಬರ್ದೆ? ಸಮಾಧಾನಕ್ಕೆ ಸುಳ್ ಹೇಳ್ಬ್ಯಾಡಕ್ಕ.”

ಅಷ್ಟರಲ್ಲಿ ತಿಮ್ಮರಾಯಪ್ಪ ಬಂದ. ವಿಷಯ ಕೇಳಿದವನ ಮುಖ ಬಿಗಿಯಿತು. “ಓಹೋ, ಅದಕ್ಕೇ ವಾರ ವಾರ ಹಗ್ಗ ಹಿಡ್ಕಂಡು ಬತ್ತಿದ್ರಾ, ಅಳತೆ ತಗಿಯಾಕೆ! ನೀವು ಕ್ವಾರಿ ಕಡೆಯೋರಾ? ನಮ್ಮನೆ ಮಜ್ಗೆ ಕುಡ್ಕಂಡು?” ಅಂದ. ಅವನ ದನಿಗೆ ಅಕ್ಕಪಕ್ಕದ ಹೊಲದಿಂದ ಹತ್ತು ಜನ ಸೇರಿದರು. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬೈಗುಳ ಬಂತು. ಮೂರೂ ನನಗೆ ಅರ್ಥವಾಗುತ್ತವೆ, ಅದೇ ಗ್ರಹಚಾರ. ಕೊನೆಗೆ ತೀರ್ಪು ಕೊಟ್ಟವಳು ಮುನಿಯಮ್ಮ.

“ನೀನೇ ಬರ್ದಿದ್ರೆ ಹತ್ತಕ್ಕ. ನೋಡಾನ.”

ಇಪ್ಪತ್ತು ವರ್ಷ ಬೇರೆಯವರಿಗೆ ಪರೀಕ್ಷೆ ಇಟ್ಟವಳಿಗೆ ಪರೀಕ್ಷೆ ಬಂತು. ಮುರುಗೇಶನ್ ಬಂಡೆಯ ಹಿಂಬದಿಯಿಂದ ಮೇಲೆ ಹೋಗಿ ಮರಕ್ಕೆ ಗೋಣಿಚೀಲ ಸುತ್ತಿ, ಹಗ್ಗ ಕಟ್ಟಿ ಬಂದ. ಚೂಡಿದಾರದ ಮೇಲೆ ಹಗ್ಗದ ಸೊಂಟಪಟ್ಟಿ ಬಿಗಿದುಕೊಂಡು ಶುರು ಮಾಡಿದೆ. ಒಂದು, ಎರಡು, ಮೂರು. ಎಂಟರವರೆಗೆ ಚೆನ್ನಾಗಿಯೇ ಹೋದೆ. ಒಂಬತ್ತಕ್ಕೆ ಕಾಲು ಚಾಚಿದೆ, ಮಂಡಿ ಒಲ್ಲೆ ಅಂತು, ಬಿದ್ದೆ. ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಹಗ್ಗದಲ್ಲಿ ನೇತಾಡಿದೆ. ಕೆಳಗೆ ಯಾರೋ ನಕ್ಕರು. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಬಿದ್ದರೆ ನೋವಾಗುವುದು ನನಗೆ, ಮನೆ ಹೋಗುವುದು ಅವಳದು. ಈ ಯೋಚನೆಗೆ ಕೈ ಇನ್ನೂ ಬೆವರಿತು.

ಮೂರನೇ ಸಲ ಎಂಟರ ಮೇಲೆ ನಿಂತು ಏದುಸಿರು ಬಿಡುತ್ತಿದ್ದಾಗ ಕೆಳಗಿಂದ ಮುನಿಯಮ್ಮನ ದನಿ ಬಂತು. “ಎಡಗಾಲು! ಎಡಗಾಲ್ ಇಕ್ಕಕ್ಕ ಒಂಬತ್ತುಕ್ಕೆ! ಅಲ್ಲಲ್ಲ, ಬಾಣ ನೋಡು, ಬಾಣ ಅತ್ಲಾಗೈತೆ!” ಇಟ್ಟೆ, ನಿಂತೆ. “ಹತ್ತು!” ಅಂದಳು. “ಹನ್ನೊಂದು!” ಅಂದಾಗ ಬೇರೆ ದನಿಗಳೂ ಸೇರಿಕೊಂಡವು. ಹನ್ನೆರಡಕ್ಕೆ ತಿಮ್ಮರಾಯಪ್ಪನೂ ಕೂಗುತ್ತಿದ್ದ. ಹದಿನಾಲ್ಕಕ್ಕೆ ಕಾಲಿಟ್ಟು ಬಂಡೆಯ ನೆತ್ತಿಗೆ ಅಂಗೈ ಬಡಿದಾಗ ಕೆಳಗೆ ಎದ್ದ ಗಲಾಟೆಗೆ ಆಡುಗಳೆಲ್ಲ ಚದುರಿ ಓಡಿದವು. ಬರೆದವಳು ನಾನೇ ಅಂತ ಸಾಬೀತಾದದ್ದಕ್ಕೆ ಯಾರಾದರೂ ಇಷ್ಟು ಸಂತೋಷಪಡುತ್ತಾರೆಯೇ? ನಾನು ಪಟ್ಟೆ. ಕಣ್ಣಲ್ಲಿ ನೀರೂ ಬಂತು. ಬೆವರು ಅಂತ ಹೇಳಿ ಒರೆಸಿಕೊಂಡೆ.

ಇನ್ನು ಉಳಿದದ್ದು ಅಳಿಸುವ ಕೆಲಸ. ಮುನಿಯಮ್ಮ ಎಮ್ಮೆ ತೊಳೆಯುವ ತೆಂಗಿನ ಜುಂಗು ತಂದಳು. ಮುರುಗೇಶನ್ ಹೌಹಾರಿದ. “ಅಯ್ಯೋ ವೇಂಡಾ ಅಕ್ಕಾ, ಕಲ್ಲುಹೂವು ಕಿತ್ತುಬರತ್ತೆ!” ಬಂಡೆಯ ಮೇಲೆ ಬೂದು ಬಣ್ಣದ ಹೊಪ್ಪಳೆಯ ಹಾಗೆ ಕಾಣುತ್ತವಲ್ಲ, ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರು, ಅವು ಬೆರಳಗಲ ಬೆಳೆಯಲು ಎಷ್ಟೋ ವರ್ಷ ಬೇಕಂತೆ. ಬ್ರಷ್ಷೇ ಆಗಬೇಕು, ಅದೂ ಮೆತ್ತಗೆ. ಅವನ ಹತ್ತಿರ ಇದ್ದದ್ದು ಒಂದೇ ಒಂದು. ಮುನಿಯಮ್ಮ ಸರಸರನೆ ಒಳಗೆ ಹೋಗಿ ಇನ್ನೊಂದು ಬ್ರಷ್ಷು ಹಿಡಿದು ಬಂದಳು.

“ಲೇ ಲೇ, ಅದು ನಂದು ಕಣೇ!” ಅಂದ ತಿಮ್ಮರಾಯಪ್ಪ.

“ನೀನು ನಾಳಿಕ್ಕೆ ಬೇವಿನ್ ಕಡ್ಡಿನಾಗೆ ಉಜ್ಕೋ. ತಳಿಗೇನ್ ಹೋಗಂಗಿಲ್ವಲ್ಲ.”

ಅವನು ಹೆಂಡತಿಯ ಮುಖ ನೋಡಿದ, ಟಾರ್ಪಾಲಿನ ಮೇಲಿನ ಕಲ್ಲುಗಳನ್ನು ನೋಡಿದ. ಹೋಗಿ ಒಂದೊಂದೇ ಕಲ್ಲು ಇಳಿಸತೊಡಗಿದ.

ಹದಿನಾಲ್ಕರಿಂದ ಒಂದಕ್ಕೆ ಇಳಿಯುತ್ತ ಉಜ್ಜಿದೆ. ಬರೆಯಲು ಹಿಡಿದದ್ದು ಅರ್ಧ ಗಂಟೆ, ಅಳಿಸಲು ಮಧ್ಯಾಹ್ನದ ಊಟದ ಹೊತ್ತು ಮೀರಿತು. ಏಳನೇ ನಂಬರು ಕಲ್ಲಿನ ಹೊಟ್ಟೆಯ ಕೆಳಗಿತ್ತು. ಹತ್ತು ಮಳೆ ಬಂದರೂ ಅಲ್ಲಿಗೆ ಒಂದು ಹನಿ ಬೀಳುತ್ತಿರಲಿಲ್ಲ. ‘ಒಂದು ಮಳೆಗೆ ಹೋಗುತ್ತೆ’ ಅಂದ ನನ್ನ ಬಾಯಿಗೆ ಇಷ್ಟು ಬೂದಿ ಹಾಕಬೇಕು ಅಂದುಕೊಂಡೆ. ಹಾಕುವುದೇನು, ಉಜ್ಜಿದ ಪುಡಿಯೆಲ್ಲ ನೇರವಾಗಿ ಬಾಯಿಗೇ ಬೀಳುತ್ತಿತ್ತು.

ಈಗ ಗೊತ್ತಾಯಿತಲ್ಲ, ಕೈಚೀಲದಲ್ಲಿ ಮೂರು ಬ್ರಷ್ಷು ಯಾಕೆ ಅಂತ? ಒಂದು ನನ್ನದು. ಒಂದು ಅಮ್ಮನದು, ಕೇಳದೆ ತೆಗೆದುಕೊಂಡದ್ದು. ಮೂರನೆಯದು ತಿಮ್ಮರಾಯಪ್ಪನದು, ಅವನಿಗೆ ಹೊಸದು ಕೊಡಿಸಿದ್ದೇನೆ. ಆ ಮೂರನ್ನೂ ಹಿಡಿದುಕೊಂಡು ಬಾಗಲೂರು ಪಕ್ಕದ ನಮ್ಮೂರಿಗೂ ಹೋಗಿಬಂದೆ. ಹಸಿರು ಸರಸುವಿನ ಮುಂದೆ ಕೂತು ಒಂದು ಗಂಟೆ ಉಜ್ಜಿದೆ. ಒಂದು ಕೊಂಬು ಸಹ ಅಳಿಯಲಿಲ್ಲ. ಜಾರಲು ಬಂದ ಮಕ್ಕಳು, “ಯಾರಾಂಟಿ ಈ ಸರಸು?” ಅಂದವು. “ಯಾರೋ ತಲೆಹರಟೆ ಹುಡುಗಿ” ಅಂದೆ.

ಎರಡು ತಿಂಗಳ ಮೇಲೆ ಮುನಿಯಮ್ಮನಿಂದ ಫೋನು ಬಂತು. ಗೋಡೆ ಮುಗಿದಿದೆ, ಭಾನುವಾರ ಹಗ್ಗ ತರಬೇಡಿ, ಬರೀ ಹೊಟ್ಟೆ ತನ್ನಿ ಅಂದಳು. ಹೋದೆವು. ಬಾಗಿಲ ನಿಲುವಿನ ತಲೆಯ ಮೇಲೆ ಬೂದುಗುಂಬಳಕಾಯಿ ಕಟ್ಟಿದ್ದರು. ಗೋಡೆಗೆ ಕೆಮ್ಮಣ್ಣು ಬಳಿದಿತ್ತು, ಇನ್ನೂ ಹಸಿವಾಸನೆ. ಬಾಗಿಲ ಪಕ್ಕದಲ್ಲಿ ಒಂದು ಬೋಗುಣಿಯಲ್ಲಿ ಸುಣ್ಣ ಕದಡಿಟ್ಟಿದ್ದರು. ಹೊಸ ಗೋಡೆಗೆ ದೃಷ್ಟಿಯಾಗದಿರಲಿ ಅಂತ ಅವರಲ್ಲಿ ಮನೆಯವರೆಲ್ಲ ಸುಣ್ಣದಲ್ಲಿ ಅಂಗೈ ಅದ್ದಿ ಗೋಡೆಗೆ ಒತ್ತುತ್ತಾರಂತೆ. ತಿಮ್ಮರಾಯಪ್ಪನದೂ ಅವಳದೂ ಆಗಲೇ ಬಿದ್ದಿದ್ದವು. ಮುನಿಯಮ್ಮ ಮುರುಗೇಶನ್ ಕೈ ಹಿಡಿದು ಅದ್ದಿಸಿ ಒತ್ತಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

ನಾನು ಹಿಂದೆ ಸರಿದೆ. “ನನ್ನ ಕೈ ಬೇಡ ಮುನಿಯಮ್ಮ. ನಾನು ಬಿಳೀ ಗುರುತು ಹಾಕಿ ನಿಮ್ಮನ್ನೇ ಇಲ್ಲಿಂದ ಎಬ್ಬಿಸಿಬಿಡ್ತಿದ್ದೆ” ಅಂದೆ.

ಅವಳು ನನ್ನ ಮಣಿಕಟ್ಟು ಹಿಡಿದು ಬೋಗುಣಿಗೆ ಅದ್ದಿಯೇಬಿಟ್ಟಳು. ಸುಣ್ಣ ತಣ್ಣಗಿತ್ತು. ಬಾಗಿಲ ಪಕ್ಕ, ತನ್ನ ಅಂಗೈ ಗುರುತಿನ ಜೊತೆಗೇ ಜಾಗ ತೋರಿಸಿದಳು.

“ಬಂಡೆ ಮ್ಯಾಲೆ ಬ್ಯಾಡ, ಇಲ್ಲಿ ಒತ್ತಕ್ಕ, ಗಟ್ಟಿಯಾಗಿ” ಅಂದಳು. “ನಂಬರ್ ಮಾತ್ರ ಹಾಕ್ಬ್ಯಾಡ.”